ಮಂಗಳವಾರ ಬಾರದವರು

ಪೆನಿಸಿಲಿನ್ ಸೂಜಿ ನೋಯುತ್ತದೆ. ಕೊಡುವವಳು ನಾನೇ ಆದ್ದರಿಂದ ಇದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಸಣ್ಣ ಸೀಸೆಯಲ್ಲಿ ಬಿಳಿ ಪುಡಿ ಇರುತ್ತದೆ. ಅದಕ್ಕೆ ಶುದ್ಧ ನೀರು ಸೇರಿಸಿ ಎಷ್ಟು ಅಲ್ಲಾಡಿಸಿದರೂ ಪೂರ್ತಿ ಕರಗುವುದಿಲ್ಲ, ಹಿಟ್ಟು ಕಲಸಿದ ನೀರಿನ ಹಾಗೆ ಮಂದವಾಗಿಯೇ ಉಳಿಯುತ್ತದೆ. ಸಿರಿಂಜಿಗೆ ಎಳೆದುಕೊಂಡು ತಡಮಾಡಿದರೆ ತಳಕ್ಕೆ ಕೂರುತ್ತದೆ, ಸೂಜಿಯ ಬಾಯಿ ಕಟ್ಟಿಕೊಳ್ಳುತ್ತದೆ. ಆಗ ಹೊರಗೆ ತೆಗೆದು ಮತ್ತೊಂದು ಸಲ ಚುಚ್ಚಬೇಕು. ದಪ್ಪ ಸೂಜಿ ಹಾಕಿ, ಸೊಂಟದ ಕೆಳಗಿನ ಸ್ನಾಯುವಿನೊಳಗೆ ಆಳವಾಗಿ, ನಿಧಾನವಾಗಿ ಒತ್ತಬೇಕು. ಎರಡು ದಿನ ಆ ಕಡೆ ಕಾಲು ಭಾರವಾಗಿರುತ್ತದೆ. ಇಪ್ಪತ್ತೊಂದನೆಯ ದಿನಕ್ಕೆ ಮತ್ತೆ ಬರಬೇಕು.

ನಾನು ಧಾರವಾಡದ ಕಡೆಯವಳು. ಗಂಡನದು ಕೇಂದ್ರ ಸರ್ಕಾರದ ನೌಕರಿ. ಅವರ ವರ್ಗದ ಬೆನ್ನು ಹತ್ತಿ ಕೋಲ್ಕತಾಕ್ಕೆ ಬಂದು, ಕಾಳಿಘಾಟಿನಿಂದ ಎರಡು ಸ್ಟಾಪಿನಾಚೆ ಇದ್ದ ಒಂದು ಧರ್ಮಾರ್ಥ ಆಸ್ಪತ್ರೆಯ ಹೃದಯ ವಿಭಾಗದಲ್ಲಿ ನರ್ಸ್ ಆಗಿದ್ದೆ. ಈಗ ಹೇಳಹೊರಟಿರುವ ಸಂಗತಿ ನಡೆದದ್ದು ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲದಲ್ಲಿ. ನಮ್ಮ ರೋಗಿಗಳ ಕೈಗೂ ಆಗಷ್ಟೇ ಮೊಬೈಲು ಬರತೊಡಗಿತ್ತು.

ಹೃದ್ರೋಗ ಎಂದರೆ ಜನರಿಗೆ ನೆನಪಾಗುವುದು ಎಣ್ಣೆ, ಸಿಗರೇಟು, ಸಕ್ಕರೆ ಕಾಯಿಲೆ, ಬೊಜ್ಜು. ನನ್ನ ಮೇಜಿಗೆ ಬರುತ್ತಿದ್ದವರ ಹೃದಯ ಕೆಟ್ಟದ್ದು ಅವುಗಳಿಂದಲ್ಲ, ಬಾಲ್ಯದ ಒಂದು ಗಂಟಲು ನೋವಿನಿಂದ. ಒಂದು ಜಾತಿಯ ರೋಗಾಣು ಗಂಟಲಿಗೆ ಹತ್ತುತ್ತದೆ. ಅದರೊಡನೆ ಕಾದಾಡಲು ದೇಹ ಸಜ್ಜಾಗುತ್ತದೆ. ಕೆಲವು ಮಕ್ಕಳಲ್ಲಿ ಆ ಕಾದಾಟ ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ, ಹೃದಯದ ಕವಾಟಗಳ ಮೇಲೆ ಬೀಳುತ್ತದೆ. ಗಂಟಲು ವಾಸಿಯಾಗಿ ಎರಡು ಮೂರು ವಾರವಾದ ಮೇಲೆ ಜ್ವರ ಬರುತ್ತದೆ, ಒಂದು ಮೊಣಕಾಲು ಊದುತ್ತದೆ. ಅದು ಇಳಿಯುವಷ್ಟರಲ್ಲಿ ಇನ್ನೊಂದು ಕೀಲು ಹಿಡಿಯುತ್ತದೆ. ಕೀಲುಗಳು ಗುರುತಿಲ್ಲದಂತೆ ವಾಸಿಯಾಗುತ್ತವೆ. ಕವಾಟಕ್ಕೆ ಆದ ಗಾಯ ಮಾತ್ರ ಹಾಗೇ ಉಳಿದುಬಿಡಬಹುದು. ತಾಯಂದಿರಿಗೆ ನಾನು ಕಾರ್ಡಿನ ಬೆನ್ನಿಗೆ ಎರಡು ರೆಕ್ಕೆಯ ಬಾಗಿಲು ಬರೆದು ತೋರಿಸುತ್ತಿದ್ದೆ. ಬಾಗಿಲಿನ ಅಂಚು ಸೊಟ್ಟಗಾದರೆ ಸರಿಯಾಗಿ ಮುಚ್ಚುವುದಿಲ್ಲ. ಮುಂದಕ್ಕೆ ಹೋಗಬೇಕಾದ ರಕ್ತ ಪ್ರತಿ ಬಡಿತಕ್ಕೂ ಒಂದಿಷ್ಟು ಹಿಂದಕ್ಕೆ ಸೋರುತ್ತದೆ. ಇನ್ನೊಂದು ಸಲ ಅದೇ ರೋಗಾಣು ಹತ್ತಿದರೆ ಬಾಗಿಲು ಇನ್ನಷ್ಟು ಸೊಟ್ಟಗಾಗುತ್ತದೆ. ಅದು ಹತ್ತದ ಹಾಗೆ ಮೈಯಲ್ಲಿ ಸದಾ ಒಂದಿಷ್ಟು ಪೆನಿಸಿಲಿನ್ ಇರಬೇಕು. ಒಂದು ಸೂಜಿಯ ಔಷಧಿ ಮೂರು ವಾರ ಕಾಯುತ್ತದೆ. ಆಮೇಲೆ ಮುಗಿಯುತ್ತದೆ.

ನಮ್ಮ ಸೂಜಿಯ ದಿನ ಮಂಗಳವಾರ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು. ತಗಡಿನ ಉದ್ದ ಪೆಟ್ಟಿಗೆಯಲ್ಲಿ ಒಬ್ಬೊಬ್ಬರದೂ ಒಂದೊಂದು ಕಾರ್ಡು, ಬರಬೇಕಾದ ತಾರೀಕಿನ ಕ್ರಮದಲ್ಲಿ. ಬಾರದವರ ಕಾರ್ಡು ಹಿಂದಿನ ಖಾನೆಗೆ ಹೋಗುತ್ತಿತ್ತು. ಆ ವರ್ಷ ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ಖಾನೆ ಮುಂದಿನದಕ್ಕಿಂತ ದಪ್ಪಗಾಗಿತ್ತು. ನನಗೆ ಬಂದದ್ದು ಸಿಟ್ಟು. ಇಷ್ಟು ಹೇಳಿದರೂ ಜನಕ್ಕೆ ತಮ್ಮ ಜೀವದ ಮೇಲೆ ಕಾಳಜಿಯಿಲ್ಲವಲ್ಲ ಎಂದು ಗೊಣಗುತ್ತ ಕಾರ್ಡು ಹಿಂದಕ್ಕೆ ಸರಿಸುತ್ತಿದ್ದೆ.

ಹಾಗೆ ಸರಿಸಿದ ಕಾರ್ಡುಗಳಲ್ಲಿ ಒಂದು ನಮ್ಮ ಕನ್ನಡದ ಹುಡುಗಿಯದು. ಅವಳ ಅಪ್ಪ ರೈಲ್ವೆ ಕಚೇರಿಯಲ್ಲಿ ಗುಮಾಸ್ತರು, ಮೈಸೂರಿನ ಕಡೆಯವರು, ಮನೆ ಬಾಲಿಗಂಜಿನಲ್ಲಿ. ಹನ್ನೊಂದರ ವಯಸ್ಸಿನಲ್ಲಿ ಅಪ್ಪನ ಕೈ ಹಿಡಿದುಕೊಂಡು ಮೊದಲ ಸೂಜಿಗೆ ಬಂದವಳಿಗೆ ಈಗ ಇಪ್ಪತ್ತೆರಡು. ಕವಾಟದಲ್ಲಿ ಸ್ವಲ್ಪವೇ ಸೋರಿಕೆ, ಮಾತ್ರೆ ಬೇಕಿರಲಿಲ್ಲ, ಸೂಜಿಯೊಂದಿದ್ದರೆ ಸಾಕಿತ್ತು. ಒಂದು ವರ್ಷದ ಹಿಂದೆ ಸೆಕ್ಟರ್ ಫೈವಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದಳು. ಈಗ ಸತತವಾಗಿ ಮೂರು ಸೂಜಿ ತಪ್ಪಿಸಿದ್ದಳು.

ಮನೆಗೆ ಫೋನ್ ಮಾಡಿದೆ. ಎತ್ತಿದ್ದು ತಾಯಿ. ಮಗಳು ಆರೋಗ್ಯವಾಗಿದ್ದಾಳೆ, ಮೂರು ಮಹಡಿ ಹತ್ತಿ ಇಳಿಯುತ್ತಾಳೆ, ಏದುಸಿರಿಲ್ಲ, ಇನ್ನು ಸೂಜಿ ಯಾಕೆ ಎಂದು ಕೇಳಿದರು. ಆರೋಗ್ಯವಾಗಿರುವುದು ಸೂಜಿಯಿಂದಲೇ ಎಂದು ವಿವರಿಸಿದೆ. ಅವರು ದನಿ ತಗ್ಗಿಸಿದರು.

"ಸಿಸ್ಟರ್, ತಪ್ಪು ತಿಳ್ಕೋಬೇಡಿ. ಮನೆಗೆ ಫೋನ್ ಮಾಡಬೇಡಿ. ಗಂಡಿನ ಕಡೆಯವರು ಬಂದು ಹೋಗ್ತಾ ಇದಾರೆ. ಹಾರ್ಟು ಅನ್ನೋ ಮಾತು ಒಂದ್ಸಲ ಹೊರಗೆ ಬಿದ್ದರೆ ಮುಗೀತು."

ನಾನು ಫೋನ್ ಇಟ್ಟೆ. ಹುಡುಗಿಯ ಮೊಬೈಲ್ ನಂಬರು ಕೇಳಬಹುದಿತ್ತು, ಕೇಳಲಿಲ್ಲ. ಕಾರ್ಡನ್ನು ಹಿಂದಿನ ಖಾನೆಗೆ ಹಾಕಿ ಮುಂದಿನ ಹೆಸರು ಕರೆದೆ.

ದುರ್ಗಾಪೂಜೆ ಕಳೆದ ಎರಡನೆಯ ವಾರ, ಒಂದು ಬುಧವಾರ, ಆ ಹುಡುಗಿ ಅಪ್ಪನ ತೋಳಿಗೆ ಜೋತುಕೊಂಡು ಕುಂಟುತ್ತ ಬಂದಳು. ಜ್ವರವಿತ್ತು. ಎಡ ಮೊಣಕಾಲು ಕೆಂಪಗೆ ಊದಿ, ಮೇಲೆ ಚಾದರ ತಗುಲಿದರೂ ಮುಖ ಕಿವುಚುತ್ತಿದ್ದಳು. ಮೂರು ದಿನದ ಹಿಂದೆ ಬಲಗಾಲಿನ ಹಿಮ್ಮಡಿ ಗಂಟು ಹೀಗೇ ಆಗಿತ್ತಂತೆ. ನಮ್ಮ ವಿಭಾಗದ ಮುಖ್ಯ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಅವರು ಅಷ್ಟು ಹೊತ್ತು ಕೇಳಿದರೆ ಸುದ್ದಿ ಒಳ್ಳೆಯದಿರುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಎಕೋ ಯಂತ್ರದ ಪರದೆಯ ಮೇಲೆ ಹಿಂದಕ್ಕೆ ಚಿಮ್ಮುವ ರಕ್ತ ಬಣ್ಣವಾಗಿ ಕಾಣುತ್ತದೆ. ಹಿಂದಿನ ವರ್ಷ ಅದು ಬೆರಳಿನ ತುದಿಯಷ್ಟಿತ್ತು. ಈಗ ಹೃದಯದ ಮೇಲಿನ ಕೋಣೆ ಅರ್ಧ ತುಂಬಿತ್ತು. ರೋಗ ಮರುಕಳಿಸಿತ್ತು. ಸ್ವಲ್ಪ ಎಂದಿದ್ದ ಸೋರಿಕೆ ಮಧ್ಯಮ ಎಂದಾಯಿತು.

ಆಸ್ಪಿರಿನ್ ಶುರುವಾಯಿತು, ಪೂರ್ತಿ ವಿಶ್ರಾಂತಿ. ನಾಲ್ಕನೆಯ ದಿನ ಜ್ವರ ಇಳಿದಾಗ ಅವಳ ಹಾಸಿಗೆಯ ಪಕ್ಕ ಕುಳಿತೆ. ಬೈಯಬೇಕೆಂದೇ ಕುಳಿತಿದ್ದೆ. ಇಷ್ಟು ಓದಿದವಳು, ಹನ್ನೊಂದು ವರ್ಷ ತಪ್ಪದೆ ಬಂದವಳು, ಯಾಕೆ ಬಿಟ್ಟೆ ಎಂದು ಕೇಳಿದೆ. ಇಲ್ಲೇ ಬೆಳೆದ ಮಕ್ಕಳ ಹಾಗೆ ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆಡುವಾಗ ಮಾತು ಅಲ್ಲಲ್ಲಿ ಎಡವುತ್ತಿತ್ತು.

"ಬಿಟ್ಟಿಲ್ಲ ಆಂಟಿ. ಮೂರು ಕಡೆ ಹೋಗಿ ಕೇಳ್ದೆ. ಯಾರೂ ಕೊಡ್ಲಿಲ್ಲ."

ನಿಧಾನವಾಗಿ ಎಲ್ಲ ಹೇಳಿದಳು. ಕಂಪನಿಯಲ್ಲಿ ಹೊಸ ಕೆಲಸವನ್ನು ಗಿರಾಕಿಗೆ ಒಪ್ಪಿಸುವ ದಿನ ಮಂಗಳವಾರವೇ. ಅವತ್ತು ಪರೀಕ್ಷಿಸುವವರು ಸೀಟು ಬಿಡುವ ಹಾಗಿಲ್ಲ. ಮೊದಮೊದಲು ಜ್ವರ, ಹಲ್ಲು ನೋವು ಎಂದು ಸುಳ್ಳು ಹೇಳಿ ಬಂದಿದ್ದಳು. ಮ್ಯಾನೇಜರು ಸರಿಯಾಗಿ ಮೂರು ವಾರಕ್ಕೊಮ್ಮೆ ನಿನಗೇನಾಗುತ್ತದೆ ಎಂದು ಕೇಳಿದಾಗ ಬಾಯಿ ಬಿಡಲಾಗಲಿಲ್ಲ, ಅಮ್ಮ ಹೇಳಬೇಡ ಎಂದಿದ್ದರು. ಶನಿವಾರ ಮನೆಯ ಹತ್ತಿರದ ಡಾಕ್ಟರ ಬಳಿ ಹೋದರೆ ನಮ್ಮಲ್ಲಿ ಪೆನಿಸಿಲಿನ್ ಕೊಡುವುದಿಲ್ಲ, ಅಲರ್ಜಿಯಾದರೆ ಕಷ್ಟ ಎಂದರಂತೆ. ಇನ್ನೊಬ್ಬರು ಆಸ್ಪತ್ರೆಗೇ ಹೋಗು ಎಂದರು. ಔಷಧಿ ಅಂಗಡಿಯ ಕಂಪೌಂಡರು ಸೀಸೆ ನೋಡಿದ ಕೂಡಲೇ ಕೈ ಮುಗಿದನಂತೆ.

ಮತ್ತೆ ಒಂದು ಮಾತು ಹೇಳಿದಳು. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದ್ದನ್ನು ತೋರಿಸುವವರ ದನಿಯಲ್ಲಿ.

"ಇಪ್ಪತ್ತೊಂದು ದಿನ ಅಂದ್ರೆ ಮೂರು ವಾರ ಅಲ್ವಾ ಆಂಟಿ? ಒಂದ್ಸಲ ಮಂಗಳವಾರ ತಗೊಂಡ್ರೆ ಮುಂದೆ ಯಾವಾಗ್ಲೂ ಮಂಗಳವಾರಾನೇ ಬರತ್ತೆ. ನನ್ನ ಮಂಗಳವಾರ ಖಾಲಿ ಆಗೋದೇ ಇಲ್ಲ."

ಹನ್ನೊಂದು ವರ್ಷದಿಂದ ಅವಳ ಕಾರ್ಡಿನ ಮೇಲೆ ತಾರೀಕು ಬರೆದವಳು ನಾನೇ. ಇಷ್ಟು ಸರಳ ಲೆಕ್ಕ ತಲೆಗೆ ಹೊಳೆದಿರಲಿಲ್ಲ. ಮಕ್ಕಳಾಗಿದ್ದಾಗ ಒಂದು ದಿನ ಶಾಲೆ ತಪ್ಪಿಸಿ ಬರುತ್ತಿದ್ದರು. ಮಕ್ಕಳು ಬೆಳೆದು ದುಡಿಯಲು ಹೋದಾಗ ನಾವು ಮಾತ್ರ ಅದೇ ಮಂಗಳವಾರ ಒಂಬತ್ತರಿಂದ ಹನ್ನೆರಡಕ್ಕೆ ಬಾಗಿಲು ತೆರೆದು, ಬಾರದವರನ್ನು ಬೇಜವಾಬ್ದಾರರೆಂದು ಖಾನೆಗೆ ಹಾಕುತ್ತಿದ್ದೆವು.

ಅಂದು ಸಂಜೆ ಹಿಂದಿನ ಖಾನೆಯ ಕಾರ್ಡುಗಳನ್ನೆಲ್ಲ ಹೊರಗೆ ತೆಗೆದು ವಿಳಾಸಗಳನ್ನು ಬರೆದುಕೊಂಡೆ. ಮುಂದಿನ ಐದಾರು ಭಾನುವಾರ ಬಸ್ಸು, ಟ್ರಾಮು ಹಿಡಿದು ಮನೆ ಮನೆ ತಿರುಗಿದೆ. ದೂರದ ಮನೆಗಳಿಗೆ ನಮ್ಮವರೂ ಜೊತೆಗೆ ಬಂದರು. ಧಾರವಾಡದಾಗ ಇದ್ದಾಗ ಭಾನುವಾರ ಊರ ಹೊರಗ ತಿರಗಾಡಾಕ ಬಾ ಅಂದರ ಬರತಿದ್ದಿಲ್ಲ, ಈಗ ನೋಡು ಎಂದು ನಗುತ್ತಿದ್ದರು. ಕೆಲವು ಬಾಗಿಲು ತೆರೆಯಲೇ ಇಲ್ಲ. ತೆರೆದ ಕಡೆ ಕಾರಣ ಕೇಳಿದೆ, ಬೈಯಲಿಲ್ಲ. ಎಸ್ಪ್ಲನೇಡಿನ ಅಂಗಡಿಯೊಂದರಲ್ಲಿ ಬಟ್ಟೆ ಹೊಲಿಯುವವನಿಗೆ ರಜೆ ಇದ್ದದ್ದು ಭಾನುವಾರ ಮಾತ್ರ. ಮದುವೆಯಾಗಿ ಹೋದ ಒಬ್ಬಳು ಅತ್ತೆಗೆ ವಿಷಯ ಗೊತ್ತಿಲ್ಲವೆಂದು ನನ್ನನ್ನು ಮೆಟ್ಟಿಲ ಮೇಲೇ ನಿಲ್ಲಿಸಿ ಪಿಸುಗುಟ್ಟಿದಳು. ಕಾಲೇಜಿನ ಹುಡುಗಿಯೊಬ್ಬಳು ನಮ್ಮಲ್ಲಿ ತರಬೇತಿಗೆ ಬಂದಿದ್ದ ನರ್ಸಿನ ಕೈಲಿ ಸೂಜಿ ಕಟ್ಟಿಕೊಂಡಾಗ ಮೂರು ಸಲ ಚುಚ್ಚಿಸಿಕೊಂಡಿದ್ದಳು. ಅವತ್ತಿನಿಂದ ಆಸ್ಪತ್ರೆಯ ಬಾಗಿಲು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ ಎಂದಳು. ಒಂದು ಮನೆಯಲ್ಲಿ ತಾಯಿಯೊಬ್ಬರು ನಾನು ಹೆಸರು ಹೇಳಿದ ಕೂಡಲೇ ಒಳಗೆ ಹೋಗಿ ಮಗನ ಕಾರ್ಡು ತಂದು ಕೈಗಿಟ್ಟರು. ಮಗ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಅಲ್ಲಿ ನಾನು ಹೆಚ್ಚು ಹೊತ್ತು ಕೂರಲಿಲ್ಲ. ಕೂರಬೇಕಿತ್ತು.

ಆ ಪಟ್ಟಿ ಹಿಡಿದು ಮುಖ್ಯ ವೈದ್ಯರ ಕೋಣೆಗೆ ಹೋದೆ. ಭಾನುವಾರ ಬೆಳಿಗ್ಗೆ ಎರಡು ತಾಸು ಸೂಜಿಯ ಬಾಗಿಲು ತೆರೆಯಬೇಕು ಎಂದು ಕೇಳಿದೆ. ಅವರು ಬಂಗಾಳಿ, ಹಳೆಯ ಕಾಲದ ವೈದ್ಯರು, ಯಾವ ಮಾತನ್ನೂ ಅರ್ಧಕ್ಕೆ ತಡೆಯುತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡು, ಮಂಗಳವಾರ ಯಾರಾದರೂ ಬಿದ್ದರೆ ಮೇಲಂತಸ್ತಿನಲ್ಲಿ ಆರು ಜನ ವೈದ್ಯರಿದ್ದಾರೆ, ಭಾನುವಾರ ಬಿದ್ದರೆ ಯಾರಿದ್ದಾರೆ ಎಂದು ಕೇಳಿದರು. ಪೆನಿಸಿಲಿನ್ ಒಗ್ಗದವರು ಸಾವಿರಾರು ಸೂಜಿಗಳಲ್ಲಿ ಎಲ್ಲೋ ಒಬ್ಬರು, ಆದರೆ ಆ ಒಬ್ಬರಿಗೆ ಕೆಲವೇ ನಿಮಿಷಗಳ ಅವಕಾಶ. ಅದು ನನಗೂ ಗೊತ್ತಿತ್ತು. ಕೊನೆಗೆ ಮೂರು ತಿಂಗಳಿಗೆಂದು ಒಪ್ಪಿದರು. ಒಬ್ಬ ಕಿರಿಯ ವೈದ್ಯರು ಕೋಣೆಯಲ್ಲೇ ಇರಬೇಕು. ಆಮ್ಲಜನಕ, ಅಡ್ರಿನಲಿನ್ ತುಂಬಿದ ಸಿರಿಂಜು ಕೈಗೆಟಕುವಂತಿರಬೇಕು. ಸೂಜಿಯಾದ ಮೇಲೆ ಅರ್ಧ ಗಂಟೆ ಯಾರೂ ಹೊರಗೆ ಹೋಗಬಾರದು.

ಕೊಡುವ ಕ್ರಮವನ್ನೂ ಬದಲಿಸಿದೆ. ಸೀಸೆಯನ್ನು ಎರಡು ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡಿಕೊಳ್ಳುವುದು, ಸಣ್ಣ ಸೂಜಿ ಬಿಟ್ಟು ದಪ್ಪದ್ದನ್ನೇ ಹಾಕುವುದು, ಸ್ಪಿರಿಟ್ ಪೂರ್ತಿ ಆರುವವರೆಗೆ ಕಾಯುವುದು, ಚುಚ್ಚುವ ಜಾಗವನ್ನು ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯುವುದು, ಔಷಧಿಯನ್ನು ಅವಸರವಿಲ್ಲದೆ ಒಳಗೆ ಬಿಡುವುದು. ಗಡಿಬಿಡಿಯ ಮಂಗಳವಾರಗಳಲ್ಲಿ ಇವನ್ನೆಲ್ಲ ನಾವು ಒಂದೊಂದಾಗಿ ಮರೆತಿದ್ದೆವು.

ಮೊದಲ ಭಾನುವಾರ ಏಳು ಜನ ಬಂದರು. ದರ್ಜಿ ಬಂದ. ಪಿಸುಗುಟ್ಟಿದ ಸೊಸೆ ತವರಿಗೆ ಹೋಗುವ ನೆಪ ಮಾಡಿ ಬಂದಳು. ಎರಡನೆಯ ಭಾನುವಾರ ಹನ್ನೆರಡು ಜನ. ಅವರಲ್ಲಿ ಒಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕಿ, ಮೂವತ್ತರ ಆಸುಪಾಸಿನವರು. ಮಂಚದ ಮೇಲೆ ಬೇರೊಬ್ಬರಿದ್ದರು. ನಿಂತೇ ಸೂಜಿ ತೆಗೆದುಕೊಂಡು ರೂಢಿ ಎಂದರು ಶಿಕ್ಷಕಿ, ನಾನೂ ಸರಿ ಎಂದೆ. ಸೂಜಿ ತೆಗೆದು ಹತ್ತಿ ಒತ್ತುವಷ್ಟರಲ್ಲಿ ಅವರ ತುಟಿ ಬಿಳಿಚಿತು. ಗೋಡೆಗೆ ಕೈ ಚಾಚಿದರು, ಕೈಗೆ ಗೋಡೆ ಸಿಗಲಿಲ್ಲ, ನೆಲಕ್ಕೆ ಕುಸಿದರು.

ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು. ಕಿರಿಯ ವೈದ್ಯನ ಕೈ ಅಡ್ರಿನಲಿನ್ ಸಿರಿಂಜಿಗೆ ಹೋಯಿತು. ನಾನು ಮಂಡಿಯೂರಿ ಶಿಕ್ಷಕಿಯ ಮಣಿಕಟ್ಟು ಹಿಡಿದಿದ್ದೆ.

"ತಡೀರಿ ಡಾಕ್ಟರ್. ನಾಡಿ ನಿಧಾನ ಇದೆ."

ಅದೊಂದೇ ಗುರುತಿನ ಮೇಲೆ ಎಲ್ಲ ನಿಂತಿತ್ತು. ಪೆನಿಸಿಲಿನ್ ಒಗ್ಗದೆ ಬಿದ್ದರೆ ನಾಡಿ ಓಡುತ್ತದೆ, ಮೈಯಲ್ಲಿ ದದ್ದು ಏಳುತ್ತದೆ, ಉಸಿರಿನಲ್ಲಿ ಸಿಳ್ಳೆ ಕೇಳುತ್ತದೆ. ಹೆದರಿಕೆಗೆ, ನೋವಿಗೆ ತಲೆ ಸುತ್ತಿ ಬಿದ್ದರೆ ನಾಡಿ ಇಳಿಯುತ್ತದೆ. ನನ್ನ ಬೆರಳಿನ ಕೆಳಗೆ ಒಂದು ಬಡಿತವಾಗಿ ಇನ್ನೊಂದು ಬರುವಷ್ಟರಲ್ಲಿ ಬಹಳ ಹೊತ್ತಾದಂತಿತ್ತು. ಕತ್ತು, ಎದೆ ನೋಡಿದೆವು, ದದ್ದಿರಲಿಲ್ಲ. ಕಿರಿಯ ವೈದ್ಯ ಶ್ವಾಸಕೋಶಕ್ಕೆ ಕಿವಿಗೊಟ್ಟ, ಉಸಿರು ಸ್ವಚ್ಛವಾಗಿತ್ತು. ಕಾಲುಗಳನ್ನು ಎತ್ತಿ ಸ್ಟೂಲಿನ ಮೇಲಿಟ್ಟೆವು. ಒಂದು ನಿಮಿಷವೂ ಆಗಿರಲಿಲ್ಲ, ಕಣ್ಣು ಬಿಟ್ಟು ನಾನು ಬಿದ್ದೆನಾ ಎಂದು ಕೇಳಿದರು. ಇಲ್ಲಿಂದ ನೇರ ಕಾಳಿಘಾಟಿಗೆ ಹೋಗಿ ಪೂಜೆ ಮಾಡಿಸುವವರಿದ್ದರಂತೆ, ಹಿಂದಿನ ಸಂಜೆಯಿಂದ ಏನೂ ತಿಂದಿರಲಿಲ್ಲ. ಏನಾದರೂ ತಿಂದಿದ್ದೀರಾ ಎಂದು ನಾನು ಕೇಳಿರಲಿಲ್ಲ. ಮಲಗಿಸಿಯೂ ಇರಲಿಲ್ಲ.

ಅವರಿಗೆ ಏನೂ ಆಗಲಿಲ್ಲ. ಆದರೆ ಸೂಜಿ ಕೊಟ್ಟ ಕೂಡಲೇ ಹೆಂಗಸೊಬ್ಬಳು ಸತ್ತು ಬದುಕಿದಳು ಎಂಬ ಸುದ್ದಿ ನಮಗಿಂತ ಮೊದಲೇ ಓಣಿಗಳನ್ನು ತಲುಪಿತ್ತು. ಮೂರನೆಯ ಭಾನುವಾರ ಬಂದವರು ಇಬ್ಬರು.

ಮುಖ್ಯ ವೈದ್ಯರು ಕರೆಸಿದರು. ಸಿಟ್ಟಾಗಿರಲಿಲ್ಲ, ದಣಿದಿದ್ದರು. ಸ್ವಲ್ಪ ದಿನ ನಿಲ್ಲಿಸೋಣ, ಈ ಬಗ್ಗೆ ಯಾರ ಬಳಿಯೂ ಮಾತಾಡಬೇಡ, ಮಾತಾಡಿದಷ್ಟೂ ಹೆದರಿಕೆ ಹೆಚ್ಚುತ್ತದೆ ಎಂದರು. ತಲೆಯಾಡಿಸಿ ಬಾಗಿಲವರೆಗೆ ಬಂದೆ. ಅಲ್ಲಿಂದ ಹಿಂತಿರುಗಿ ಹೇಳಿದೆ: ಬಿದ್ದದ್ದನ್ನು ನೋಡಿದವರಿಗೆ ನಾವು ನಿಜ ಹೇಳದಿದ್ದರೆ ಅವರು ಕಂಡದ್ದೇ ನಿಜವಾಗುತ್ತದೆ. ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಫೋನ್ ಮಾಡಿ ಏನಾಯಿತು, ಯಾಕಾಯಿತು, ನಮ್ಮದು ಎಲ್ಲಿ ತಪ್ಪಿತು ಎಂದು ಹೇಳುತ್ತೇನೆ. ಆಮೇಲೂ ಬಾರದಿದ್ದರೆ ನಿಲ್ಲಿಸೋಣ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತಪ್ಪು ನಮ್ಮದೆಂದು ಆಸ್ಪತ್ರೆಯವರು ಫೋನ್ ಮಾಡಿ ಹೇಳುವುದನ್ನು ತಾವು ಇಷ್ಟು ವರ್ಷದಲ್ಲಿ ಕೇಳಿಲ್ಲ ಎಂದರು. ಬೇಡ ಎನ್ನಲಿಲ್ಲ.

ನನ್ನ ಬಂಗಾಳಿ ಬಸ್ಸಿಗೆ, ಮೀನು ಮಾರುಕಟ್ಟೆಗೆ ಸಾಕಾಗುವಂಥದ್ದು. ಹೆದರಿದವರಿಗೆ ಧೈರ್ಯ ಹೇಳಲು ಅದು ಸಾಲದು. ಆಗ ಆ ಹುಡುಗಿ ಮನೆಗೆ ಹೋಗಿ ಮೂರು ವಾರವಾಗಿತ್ತು. ಇನ್ನೂ ವಿಶ್ರಾಂತಿ, ಕೆಲಸಕ್ಕೆ ದೀರ್ಘ ರಜೆ. ನೋಡಲು ಹೋದಾಗ ನನ್ನ ಕಷ್ಟ ಹೇಳಿಕೊಂಡೆ. ಕೂತಲ್ಲೇ ಮಾಡುವ ಕೆಲಸ ತಾನೇ, ನಂಬರು ಕೊಡಿ ಎಂದಳು. ಅವಳ ಬಂಗಾಳಿ ಅಲ್ಲಿ ಹುಟ್ಟಿದವರದು.

ಮೊದಲ ಕರೆ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯಿಂದ ಹೆಂಗಸಿನ ದನಿ ಜೋರಾಗಿ ಕೇಳಿಸುತ್ತಿತ್ತು. ಹುಡುಗಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಇನ್ನು ಮುಂದೆ ತಿಂದು ಬರಬೇಕು, ಮಲಗಿಸಿಯೇ ಕೊಡುತ್ತಾರೆ ಎಂದಳು. ಆ ಕಡೆಯವರು ಏನೋ ಕೇಳಿದರು. ಹುಡುಗಿ ಒಂದು ಕ್ಷಣ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಅವಳ ತಾಯಿ ನಮಗೆ ಕಾಫಿ ಸೋಸುತ್ತಿದ್ದರು. ನನಗೂ ಇದೇ ಕಾಯಿಲೆ ಇದೆ ದೀದಿ ಎಂದು ಸ್ಪಷ್ಟವಾಗಿ ಬಂಗಾಳಿಯಲ್ಲಿ ಹೇಳಿದಳು. ಮೂರು ಸೂಜಿ ತಪ್ಪಿಸಿದೆ, ಈಗ ಹಾಸಿಗೆಯಲ್ಲಿದ್ದೇನೆ, ಭಾನುವಾರ ನಾನೂ ಬರುತ್ತೇನೆ, ನೀವು ನನ್ನ ಪಕ್ಕ ಕೂತುಕೊಳ್ಳಿ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಾಯಿ ಕಾಫಿ ತಂದು ಇಟ್ಟರು, ನಮ್ಮ ಮುಖ ನೋಡಲಿಲ್ಲ. ಆ ವಾರ ಹುಡುಗಿ ನಲವತ್ತಕ್ಕೂ ಹೆಚ್ಚು ಮನೆಗಳಿಗೆ ಅದೇ ಮಾತು ಹೇಳಿದಳು. ಅಷ್ಟೂ ಸಲ ತಾಯಿ ಅದನ್ನು ಕೇಳಿಸಿಕೊಂಡರು.

ಮುಂದಿನ ಭಾನುವಾರ ಹುಡುಗಿ ಬಂದಳು, ಅವಳು ಕರೆದಿದ್ದವರಲ್ಲಿ ನಾಲ್ಕೈದು ಜನ ಬಂದರು. ಅದರ ಮುಂದಿನ ಭಾನುವಾರ ಶಿಕ್ಷಕಿಯ ಸರದಿ. ಅವರು ಬರುತ್ತಾರೆಂದು ನಾನು ನಂಬಿರಲಿಲ್ಲ. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಒಳಗೆ ಬಂದು, ನಾಲ್ಕು ಲೂಚಿ ತಿಂದು ಬಂದಿದ್ದೇನೆ, ಬರೆದುಕೊಳ್ಳಿ ಎಂದರು. ಬೆಂಚಿನಲ್ಲಿದ್ದವರು ನಕ್ಕರು. ಬಿದ್ದದ್ದು ನಾನೇ ಎಂದು ಅವರೇ ಎಲ್ಲರಿಗೂ ಹೇಳಿ, ಮೊದಲು ಹೋಗಿ ಮಂಚದ ಮೇಲೆ ಮಲಗಿದರು. ಸೂಜಿಯಾದ ಮೇಲೆ ಅರ್ಧ ಗಂಟೆ ಕೂತು ಹೊಸಬರಿಗೆ ತಾವು ಬಿದ್ದ ರೀತಿಯನ್ನು ವರ್ಣಿಸಿದರು. ನನ್ನ ಯಾವ ವಿವರಣೆಯೂ ಅಷ್ಟು ಕೆಲಸ ಮಾಡುತ್ತಿರಲಿಲ್ಲ. ಮೂರು ತಿಂಗಳ ಅವಧಿ ಮುಗಿದದ್ದು ನನಗೂ ಮುಖ್ಯ ವೈದ್ಯರಿಗೂ ನೆನಪಿರಲಿಲ್ಲ. ನೆನಪಾದಾಗ ಆರು ತಿಂಗಳಾಗಿತ್ತು.

ಹುಡುಗಿಯ ಮದುವೆಯ ಮಾತು ಮುಂದುವರಿಯಲಿಲ್ಲ. ಗಂಡಿನ ಕಡೆಯವರಿಗೆ ಅವಳೇ ಹೇಳಿದಳು, ತಾಯಿಯ ಎದುರಿಗೇ. ಅವರು ಒಳ್ಳೆಯ ಮಾತಾಡಿ ಹೋದರು, ಮತ್ತೆ ಬರಲಿಲ್ಲ. ತಾಯಿ ಒಂದೆರಡು ತಿಂಗಳು ನನ್ನೊಡನೆ ಮಾತು ಬಿಟ್ಟರು. ಆದರೂ ಮೂರು ವಾರಕ್ಕೊಮ್ಮೆ ಮಗಳ ಜೊತೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ನಾನು ಹೊಸಬರಿಗೆ ಗಂಟಲಿನ ವಿಷಯ, ಕೀಲಿನ ವಿಷಯ ಹೇಳುವಾಗ ಬೇರೆಲ್ಲೋ ನೋಡುತ್ತ ಕೇಳುತ್ತಿದ್ದರು. ಮಗಳು ಮ್ಯಾನೇಜರಿಗೂ ವಿಷಯ ಹೇಳಿದಳು. ಮೊದಲೇ ಹೇಳಬಾರದಿತ್ತೇ ಎಂದನಂತೆ. ವರ್ಷ ತುಂಬಿದಾಗ ಎಕೋ ಮಾಡಿಸಿದೆವು. ಸೋರಿಕೆ ಹೆಚ್ಚಿರಲಿಲ್ಲ, ಕೊಂಚ ಇಳಿದಿತ್ತು. ಹಿಗ್ಗಿದ್ದ ಹೃದಯದ ಕೋಣೆ ಹಳೆಯ ಅಳತೆಗೆ ಬಂದಿತ್ತು. ಹೀಗೇ ನಡೆಸಿಕೊಂಡು ಹೋದರೆ ಕವಾಟಕ್ಕೆ ಕತ್ತರಿ ಬೀಳುವ ದಿನ ಬಾರದೆಯೂ ಇರಬಹುದು ಎಂದು ಮುಖ್ಯ ವೈದ್ಯರು ಹೇಳಿದರು. ಅವರ ಬಾಯಿಂದ ಅಷ್ಟು ಬಂದರೆ ಬಹಳ.

ಅದಾದ ಮುಂದಿನ ಚಳಿಗಾಲ. ಆ ಭಾನುವಾರ ಹುಡುಗಿಯ ಸರದಿ ಇರಲಿಲ್ಲ. ಆದರೂ ಅವಳ ತಾಯಿ ಬಂದರು, ಜೊತೆಗೆ ಅವರ ಮನೆಗೆಲಸದವಳು ಮತ್ತು ಅವಳ ಒಂಬತ್ತು ವರ್ಷದ ಮಗಳು. ಮಗು ಕಂಬಳಿ ಹೊದ್ದು ತಾಯಿಯ ಸೊಂಟಕ್ಕೆ ಆತುಕೊಂಡಿತ್ತು. ಹುಡುಗಿಯ ತಾಯಿ ನೇರವಾಗಿ ನನ್ನ ಮೇಜಿಗೆ ಬಂದು ಕನ್ನಡದಲ್ಲಿ ಹೇಳಿದರು.

"ಮೂರು ವಾರದ ಹಿಂದೆ ಇದಕ್ಕೆ ಗಂಟಲು ನೋವಿತ್ತಂತೆ. ಮಂಗಳವಾರ ಮೊಣಕಾಲು ಅಂತ ಅಳ್ತಿತ್ತು. ಶುಕ್ರವಾರ ಅದು ಹೋಗಿ ಹಿಮ್ಮಡಿ ಗಂಟು. ಇವತ್ತು ಕೈ ಎತ್ತಲ್ಲ. ಆಟ ಆಡಿ ಬಿದ್ದಿರಬೇಕು, ಎಣ್ಣೆ ತಿಕ್ಕಿ ಅಂದರಂತೆ ಅಕ್ಕಪಕ್ಕದವರು. ನಾನು ಬೇಡ ಅಂದೆ."

ನಾನು ಮಗುವಿನ ಮಣಿಕಟ್ಟು ಮುಟ್ಟಿದೆ. ಬಿಸಿಯಾಗಿತ್ತು, ಊದಿತ್ತು. ಅಂದೇ ಸೇರಿಸಿಕೊಂಡೆವು. ಮರುದಿನ ರಕ್ತದ ಪರೀಕ್ಷೆ ನಮ್ಮ ಅನುಮಾನವನ್ನು ಖಚಿತಪಡಿಸಿತು. ಎಕೋ ಕೋಣೆಯಲ್ಲಿ ಮುಖ್ಯ ವೈದ್ಯರು ತಾವೇ ಕುಳಿತು ಕವಾಟಗಳನ್ನು ಒಂದೊಂದಾಗಿ ನೋಡಿದರು. ಬಣ್ಣ ಎಲ್ಲಿಯೂ ಹಿಂದಕ್ಕೆ ಚಿಮ್ಮಲಿಲ್ಲ. ರೆಕ್ಕೆಗಳು ತೆರೆದು, ಮುಚ್ಚಿ, ಬಿಗಿಯಾಗಿ ಕೂಡಿಕೊಳ್ಳುತ್ತಿದ್ದವು. ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಿದರು, ಹಾಗೇ ಇತ್ತು. ಹೃದಯಕ್ಕೆ ಏನೂ ತಗುಲಿಲ್ಲ ಎಂದರು.

ಮಗು ಮನೆಗೆ ಹೊರಟ ದಿನ ಹುಡುಗಿಯ ತಾಯಿಯೂ ಬಂದಿದ್ದರು. ನಾನು ಮಗುವಿಗೆ ಕಾರ್ಡು ಬರೆಯಲು ಕುಳಿತೆ. ಹೆಸರು, ವಯಸ್ಸು, ಶಾಲೆ, ಸೂಜಿಯ ದಿನ ಭಾನುವಾರ. ನಮ್ಮ ಕಾರ್ಡಿನ ಕೊನೆಯಲ್ಲಿ, ಚಿಕಿತ್ಸೆ ಮುಗಿಯುವ ವರ್ಷ ಎಂದೊಂದು ಸಾಲು ಅಚ್ಚಾಗಿರುತ್ತದೆ. ಕವಾಟ ಕೆಟ್ಟ ಮೇಲೆ ಬಂದವರಿಗೆ ಅಲ್ಲಿ ಬರೆಯಲು ಏನೂ ಇರುವುದಿಲ್ಲ, ನಲವತ್ತರವರೆಗೋ ಜೀವಮಾನವಿಡೀಯೋ ಸೂಜಿ ನಡೆಯಬೇಕು. ಅಲ್ಲಿ ಒಂದು ಅಡ್ಡಗೆರೆ ಎಳೆದುಬಿಡುತ್ತೇವೆ. ಅಷ್ಟು ವರ್ಷ ನಾನು ಎಳೆದದ್ದು ಹೆಚ್ಚಾಗಿ ಗೆರೆಗಳನ್ನೇ. ಈ ಮಗುವಿನ ಹೃದಯ ಉಳಿದಿತ್ತು. ಹದಿನೆಂಟು ತುಂಬುವವರೆಗೆ ತಪ್ಪದೆ ಬಂದರೆ ಸಾಕು. ಲೆಕ್ಕ ಹಾಕಿ ಆ ವರ್ಷವನ್ನು ಬರೆದೆ.

ಹುಡುಗಿಯ ತಾಯಿ ಬಗ್ಗಿ ನೋಡಿ, ಅದೇನು ಎಂದು ಕೇಳಿದರು. ಹೇಳಿದೆ. ಅವರು ಕಾರ್ಡು ಕೈಗೆ ತೆಗೆದುಕೊಂಡು, ಓದಲು ಬಾರದ ಆ ಮನೆಗೆಲಸದವಳ ಪಕ್ಕ ಬೆಂಚಿನ ಮೇಲೆ ಕುಳಿತರು. ಆ ಸಾಲಿನ ಮೇಲೆ ಬೆರಳಿಟ್ಟು, ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ, ಇಷ್ಟು ವರ್ಷ, ಆಮೇಲೆ ಮುಗೀತು ಎಂದು ಎರಡೆರಡು ಸಲ ತಿಳಿಸಿ ಹೇಳಿದರು.